ದಳಪತಿಯ ಹಲ್ಲಿನ ಸೆಟ್ಟು

ನನ್ನ ತಮ್ಮನನ್ನು ಪೇಪರಿನವರು ದಳಪತಿ ಎಂದು ಬರೆಯುತ್ತಿದ್ದರು. ಬೆಟ್ಟದ ಮೇಲೆ ಅವನ ಜೊತೆ ಬಂದೂಕು ಹಿಡಿದವರು ಅಣ್ಣ ಎನ್ನುತ್ತಿದ್ದರು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಂತೂ ಅವನಿಗೆ ಮೂರು ಹೆಸರು, ಒಂದೂ ನಾವು ಇಟ್ಟದ್ದಲ್ಲ. ಮನೆಯಲ್ಲಿ ಅವನು ಬೊಚ್ಚ. ಆರು ವರ್ಷದವನಿದ್ದಾಗ ಮುಂದಿನ ನಾಲ್ಕು ಹಾಲುಹಲ್ಲು ಒಂದೇ ವಾರದಲ್ಲಿ ಉದುರಿ, ನಕ್ಕರೆ ಬರೀ ವಸಡು ಕಾಣುತ್ತಿತ್ತು. ಅಪ್ಪ ಅವತ್ತು ಹಾಗೆ ಕರೆದರು. ಹೊಸ ಹಲ್ಲು ಬಂದರೂ ಹೆಸರು ಹೋಗಲಿಲ್ಲ.

ನಮ್ಮದು ಹಲ್ಲು ಕಟ್ಟುವ ಅಂಗಡಿ. ಡಾಕ್ಟರು ಬೇರೆ, ನಾವು ಬೇರೆ. ಅವರು ಕೀಳುತ್ತಾರೆ, ನಾವು ಕಟ್ಟುತ್ತೇವೆ. ಮುಂದೆ ಎರಡು ಬೆಂಚು, ಕಾಲಲ್ಲಿ ಒತ್ತಿದರೆ ಮೇಲೇಳುವ ಒಂದು ಹಳೆಯ ಕುರ್ಚಿ. ಹಿಂದಿನ ಕೋಣೆಯಲ್ಲಿ ಗ್ಯಾಸ್ ಒಲೆ, ಹಿತ್ತಾಳೆಯ ಅಚ್ಚಿನ ಡಬ್ಬಿಗಳು, ಮೇಣ, ಗೋಡೆಯುದ್ದಕ್ಕೂ ಕಪಾಟು. ಕಪಾಟಿನಲ್ಲಿ ಊರಿನ ಅರ್ಧ ಜನರ ಬಾಯಿಗಳು ಪ್ಲಾಸ್ಟರಿನಲ್ಲಿ ಕೂತಿವೆ. ಅಪ್ಪ ಕಲಿಸಿದ ಕೆಲಸ. ಬೊಚ್ಚನಿಗೂ ಕಲಿಸಲು ನೋಡಿದರು, ಆದರೆ ಅವನಿಗೆ ಯಾರದ್ದಾದರೂ ವಸಡಿನಲ್ಲಿ ಒಂದು ಹನಿ ರಕ್ತ ಕಂಡರೆ ಸಾಕು, ತಲೆ ತಿರುಗಿ ಬೆಂಚಿನ ಮೇಲೆ ಮಲಗಿಬಿಡುತ್ತಿದ್ದ. ಇಂಥವನು ಮುಂದೆ ಏನಾಗುತ್ತಾನೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ.

ಅವನಿಗೆ ಹತ್ತೊಂಬತ್ತಾಗಿತ್ತು. ಊರಾಚೆಯ ಗುಡ್ಡವನ್ನು ಕಲ್ಲಿನ ಕಂಪನಿಗೆ ಕೊಟ್ಟು, ಅಲ್ಲಿ ಮೂರು ತಲೆಮಾರಿನಿಂದ ಇದ್ದವರ ಮನೆಗಳನ್ನು ಒಂದೇ ಬೆಳಿಗ್ಗೆ ಬುಲ್ಡೋಜರಿನಿಂದ ಕೆಡವಿದರು. ನಮ್ಮವನು ಗಲಾಟೆ ಮಾಡಲು ಹೋದದ್ದಲ್ಲ. ಒಬ್ಬ ಮುದುಕನ ಟ್ರಂಕು ಹೊರಲು ಹೋದ. ಎರಡೂ ಕೈಯಲ್ಲಿ ಟ್ರಂಕು ಹಿಡಿದವನ ಬಾಯಿಗೆ ಪೊಲೀಸಿನವನೊಬ್ಬ ಲಾಠಿಯಿಂದ ಬಾರಿಸಿದ. ಮೇಲಿನ ಸಾಲಿನ ಆರು ಹಲ್ಲು ಹೋಯಿತು. ಕರ್ಚೀಫಿನಲ್ಲಿ ಅವನ್ನು ಸುತ್ತಿಕೊಂಡು ಅಂಗಡಿಗೆ ಬಂದು ನನ್ನ ಮುಂದೆ ಕೈ ಚಾಚಿದ. “ಅಕ್ಕಾ, ಅಂಟಿಸ್ತೀಯಾ?” ಎಂದ. ಅವತ್ತು ತನ್ನದೇ ರಕ್ತ ಕಂಡರೂ ಅವನ ತಲೆ ತಿರುಗಲಿಲ್ಲ. ನಾನು ಅದನ್ನು ಗಮನಿಸಬೇಕಿತ್ತು. ನನಗೆ ಅಳುವುದಕ್ಕೇ ಹೊತ್ತು ಸಾಲಲಿಲ್ಲ.

ಗಾಯ ಮಾಯ್ದ ಮೇಲೆ ನಾನೇ ಕೂತು ಕಟ್ಟುಹಲ್ಲಿನ ಪ್ಲೇಟು ಮಾಡಿದೆ. ಹೊಸ ಪ್ಲೇಟು ಹಾಕಿದವರಿಗೆ ಮೊದಮೊದಲು ಮಾತು ತೊಡರುತ್ತದೆ, ‘ಸ’ ಎಂದರೆ ಶಿಳ್ಳೆ ಬರುತ್ತದೆ. ದಿನಾ ಜೋರಾಗಿ ಓದಿ ನಾಲಿಗೆ ಪಳಗಿಸಬೇಕು. ಒಂದು ತಿಂಗಳು ಮಧ್ಯಾಹ್ನ ಅವನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ನಾನು ಮೇಣ ಕೆತ್ತುತ್ತ, ಪೇಪರಿನ ಸಂಪಾದಕೀಯ ಓದಿಸಿದೆ. “ನುಂಗ್ಬೇಡ. ಕೊನೇ ಅಕ್ಷರ ಬಿಡ್ಬೇಡ. ಎಲ್ಲಿಗೆ ಓಡ್ತಿದೀಯ? ನಿಲ್ಸಿ ಹೇಳು” ಎಂದು ಗದರುತ್ತಿದ್ದೆ. ತಿಂಗಳು ಮುಗಿಯುವ ಹೊತ್ತಿಗೆ ಮುಂದಿನ ಬೆಂಚಿನ ಗಿರಾಕಿಗಳು ತಮ್ಮ ಸರದಿ ಬಂದರೂ ಏಳದೆ ಕಿವಿಗೊಟ್ಟು ಕೂರುತ್ತಿದ್ದರು. ಪೆಚ್ಚುಪೆಚ್ಚಾಗಿ ಮಾತಾಡುತ್ತಿದ್ದ ನಮ್ಮ ಬೊಚ್ಚನಿಗೆ ಎಲ್ಲಿಂದಲೋ ಒಂದು ಕಂಠ ಬಂದಿತ್ತು.

ಆ ಕಂಠ ಹೊತ್ತು ಅವನು ಗುಡ್ಡದವರ ಸಭೆಗೆ ಹೋದ. ನಾನೂ ಹೋಗಿದ್ದೆ. ಐದು ಸಾವಿರ ಜನರ ಮುಂದೆ ನಿಂತು ಮಾತಾಡಿದ. ಹೆಂಗಸರು ಅತ್ತರು, ನಾನೂ ಅತ್ತೆ, ಹೆಮ್ಮೆಯಿಂದ. ಸುಳ್ಳು ಯಾಕೆ ಹೇಳಲಿ? ಮುಂದೆ ಅವರು ಕಂಪನಿಯ ಕಲ್ಲು ಪುಡಿಮಾಡುವ ಯಂತ್ರವನ್ನು ಸುಟ್ಟಾಗಲೂ ನಾನು ಒಳಗೊಳಗೇ ಚಪ್ಪಾಳೆ ತಟ್ಟಿದವಳೇ. “ಎರಡೇ ವಾರ ಅಕ್ಕಾ, ಬಂದ್ಬಿಡ್ತೀನಿ” ಎಂದು ಬೆಟ್ಟ ಹತ್ತಿದ.

ಹದಿಮೂರು ವರ್ಷ ಇಳಿಯಲಿಲ್ಲ.

ಮೊದಲು ಯಂತ್ರ ಸುಡುತ್ತಿದ್ದವರು ಆಮೇಲೆ ಯಂತ್ರದ ಕಾವಲಿನವನನ್ನು ಕೊಂದರು. ಆಮೇಲೆ ಪೊಲೀಸರಿಗೆ ಸುಳಿವು ಕೊಟ್ಟನೆಂದು ತಮ್ಮವರಲ್ಲೇ ಒಬ್ಬನನ್ನು ಮರಕ್ಕೆ ಕಟ್ಟಿ ಗುಂಡು ಹೊಡೆದರು. ಬೊಚ್ಚ ಮಾತಾಡಿದರೆ ಸಾಕು, ಇಪ್ಪತ್ತು ವರ್ಷದ ಮಕ್ಕಳು ಮನೆ ಬಿಟ್ಟು ಬೆಟ್ಟ ಹತ್ತುತ್ತಿದ್ದರು. ಅವನ ಭಾಷಣಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿದ್ದವು. ನಾನು ಹಿಂದಿನ ಕೋಣೆಯಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಏನು ಹೇಳುತ್ತಾನೆ ಎಂಬುದಕ್ಕಿಂತ ಹೇಗಿದ್ದಾನೆ ಎಂದು ತಿಳಿಯಲು ಕೇಳುತ್ತಿದ್ದೆ. ನೆಗಡಿಯಾಗಿದೆಯೇ, ನಿದ್ದೆಗೆಟ್ಟಿದ್ದಾನೆಯೇ, ಊಟ ಮಾಡಿದ್ದಾನೆಯೇ. ಅಷ್ಟು ಹೊತ್ತಿಗೆ ಅವನ ಮಾತುಗಳನ್ನು ಕೇಳುವುದೇ ನನಗೆ ಕಷ್ಟವಾಗಿತ್ತು. ಕಂಠ ಕೇಳದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಕಳೆದ ವರ್ಷ ಅವರು ರಿಜಿಸ್ಟ್ರಿ ಆಫೀಸಿಗೆ ಬಾಂಬ್ ಇಟ್ಟರು. ಗುಡ್ಡದ ಪತ್ರಗಳನ್ನು ಕಂಪನಿಯ ಹೆಸರಿಗೆ ಮಾಡಿಕೊಟ್ಟ ಆಫೀಸು ಅದು. ರಜೆಯ ದಿನ ಇಟ್ಟಿದ್ದರೆ ಕಾಗದ ಸುಡುತ್ತಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಇಟ್ಟರು. ಹನ್ನೊಂದು ಜನ ಸತ್ತರು.

ಆಮೇಲೆ ಕೆಲವು ತಿಂಗಳಿಗೆ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಆ ತಿಂಗಳ ಮೂವತ್ತರೊಳಗೆ ತಾವಾಗಿಯೇ ಬಂದು ಶರಣಾದವರನ್ನು ಗಲ್ಲಿಗೆ ಹಾಕುವುದಿಲ್ಲ, ಹಿಡಿದು ತಂದರೆ ದಯೆಯಿಲ್ಲ, ಎಂದು. ಅದಾದ ಮೇಲೆ ಇನ್ಸ್‌ಪೆಕ್ಟರ್ ಅಂಗಡಿಗೆ ಬಂದರು. ಅವರ ತಾಯಿಗೆ ಹಲ್ಲು ಕಟ್ಟಿದವಳು ನಾನೇ, ಹಾಗಾಗಿ ಮರ್ಯಾದೆಯಿಂದಲೇ ಮಾತಾಡಿದರು.

“ಅಮ್ಮಾ, ನಿಮ್ಮ ತಮ್ಮನ ಬಾಯಿ ಅಚ್ಚು ನಿಮ್ಹತ್ರ ಇದ್ರೆ ಕೊಡಿ.”

“ಯಾಕೆ ಸಾರ್?”

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಬೇಜಾರ್ ಮಾಡ್ಕೋಬೇಡಿ. ಮುಂದಿನ ತಿಂಗಳು ದೊಡ್ಡ ಕಾರ್ಯಾಚರಣೆ ಇದೆ. ಗುರುತು ಹಿಡಿಯೋಕೆ ಬೇಕಾಗುತ್ತೆ.”

ಹೆಣಕ್ಕೆ ಅಳತೆ ಕೇಳಲು ನನ್ನ ಹತ್ತಿರವೇ ಬಂದಿದ್ದಾರೆ! “ಅಚ್ಚು ಇಲ್ಲ, ಒಡೆದುಹೋಯ್ತು. ನಿಮ್ಮಮ್ಮನಿಗೆ ಹೇಳಿ, ಸೆಟ್ಟನ್ನ ಬಿಸಿನೀರಲ್ಲಿ ತೊಳೀಬೇಡಿ ಅಂತ. ಎದ್ದೇಳಿ ಸಾರ್, ಗಿರಾಕಿಗಳು ಕಾಯ್ತಿದಾರೆ” ಎಂದೆ. ಬೆಂಚಿನ ಮೇಲೆ ಒಬ್ಬರೂ ಇರಲಿಲ್ಲ.

ಅದೇ ವಾರ ಬೊಚ್ಚನ ಹೊಸ ಭಾಷಣ ಬಂತು. ಇಯರ್‌ಫೋನು ಸಿಕ್ಕಿಸಿಕೊಂಡು ಒಂದು ನಿಮಿಷ ಕೇಳಿರಲಿಲ್ಲ, ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟೆ. ಶಿಳ್ಳೆ! ‘ಸರ್ಕಾರ’ ಎಂದರೂ ಶಿಳ್ಳೆ, ‘ಸಂಗಾತಿಗಳೇ’ ಎಂದರೂ ಶಿಳ್ಳೆ. ಬೇರೆಯವರಿಗೆ ಗಾಳಿಯ ಸದ್ದು ಎನಿಸಿರಬಹುದು. ನನಗೆ ಅವನ ಬಾಯಿ ಕಣ್ಣ ಮುಂದೆ ಬಂತು. ಪ್ಲೇಟು ಸಡಿಲಾಗಿದೆ. ಪ್ಲೇಟು ಸಡಿಲಾಗಬೇಕಾದರೆ ಅದಕ್ಕೆ ಆಸರೆಯಾಗಿದ್ದ ಹಲ್ಲುಗಳು ಹೋಗಿವೆ, ವಸಡು ಕರಗಿದೆ. ವಸಡು ಕರಗಬೇಕಾದರೆ ಇವನು ವರ್ಷಗಟ್ಟಲೆ ಸರಿಯಾಗಿ ಊಟ ಮಾಡಿಲ್ಲ. ದೇಶಕ್ಕೆಲ್ಲ ಗುಡುಗುವ ಮಹಾನುಭಾವ ಒಂದು ರೊಟ್ಟಿ ಅಗಿಯಲಾಗದೆ ಕೂತಿದ್ದಾನೆ.

ನಮ್ಮ ಬೀದಿಯ ಇಸ್ತ್ರಿ ಹೆಂಗಸಿಗೆ ಬೆಟ್ಟದವರ ಜೊತೆ ಬಳಕೆಯಿತ್ತು. ಇಬ್ಬರೂ ಆ ಬಗ್ಗೆ ಬಾಯಿಬಿಟ್ಟು ಮಾತಾಡಿದವರಲ್ಲ. ಅವತ್ತು ಸೀರೆ ಕೊಡುತ್ತ ಹೇಳಿದೆ: “ಹೊಸ ಸೆಟ್ಟು ಮಾಡ್ಕೊಡ್ತೀನಿ ಅಂತ ಹೇಳು. ಹಳೇ ಅಚ್ಚಿಂದ ಆಗಲ್ಲ, ಬಾಯಿ ಬದಲಾಗಿದೆ. ತಾನೇ ಬರ್ಬೇಕು.” ಅವಳು ಸೀರೆ ಮಡಚಿ ಗಂಟಿಗೆ ಹಾಕಿಕೊಂಡು ಹೋದಳು. ಸೆಟ್ಟು ನನಗೆ ನೆಪ. ಒಂದು ಸಲ ಕುರ್ಚಿಗೆ ಬಂದು ಕೂತರೆ ಸಾಕಾಗಿತ್ತು, ಆಮೇಲೆ ಅವನುಂಟು, ನಾನುಂಟು.

ಇಪ್ಪತ್ತೈದನೇ ತಾರೀಖು ಮಧ್ಯಾಹ್ನ ಮೂರು ಗಂಟೆಗೆ ಬಂದ. ದವಡೆಗೆ ಬಟ್ಟೆ ಸುತ್ತಿ, ತಲೆಯ ಮೇಲೆ ಗಂಟು ಹಾಕಿಕೊಂಡು, ಹಲ್ಲುನೋವಿನವನ ಹಾಗೆ. ಹಲ್ಲಿನ ಅಂಗಡಿಗೆ ಹಾಗೆ ಬರುವವನನ್ನು ಯಾರು ತಿರುಗಿ ನೋಡುತ್ತಾರೆ? ಬೀದಿಯ ಮೂಲೆಯಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ಲೇ “ಅಯ್ಯೋ ಪಾಪ, ಎಡಕ್ಕೆ ಹೋಗಿ, ಮೂರನೇ ಅಂಗಡಿ” ಎಂದು ದಾರಿ ತೋರಿಸಿದನಂತೆ.

ಬಾಗಿಲು ಹಾಕಿ ಬಟ್ಟೆ ಬಿಚ್ಚಿದೆ. ಮೂವತ್ತೆರಡು ವರ್ಷದ ನನ್ನ ತಮ್ಮನಿಗೆ ಅರವತ್ತರ ಮುಖ. ಕೆನ್ನೆ ಒಳಗೆ ಹೋಗಿ, ತುಟಿ ಬಾಯೊಳಗೆ ಮುದುಡಿತ್ತು. ಜೇಬಿನಿಂದ ಪ್ಲೇಟು ತೆಗೆದು ಕೊಟ್ಟ. ಎರಡು ತುಂಡಾಗಿದ್ದನ್ನು ಯಾವುದೋ ಕಪ್ಪು ಅಂಟಿನಿಂದ ಜೋಡಿಸಿದ್ದರು.

“ಯಾವ ಕತ್ತೆ ಕಣೋ ಇದಕ್ಕೆ ಈ ಅಂಟು ಹಾಕಿದ್ದು?”

“ನಾನೇ ಅಕ್ಕಾ.”

“ಅಂದ್ಕೊಂಡೆ” ಎಂದೆ. ಅವನು ನಕ್ಕ. ಆರು ವರ್ಷದ ಅದೇ ನಗು, ಬರೀ ವಸಡು. ತಬ್ಬಿಕೊಂಡು ಅತ್ತುಬಿಟ್ಟೆ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅವನೂ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ತಾನೇನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ, ಚರಿತ್ರೆ ಏನು ಹೇಳುತ್ತದೆ ಎಂದು ಶುರು ಹಚ್ಚಿದ. ಹಲ್ಲಿಲ್ಲದಿದ್ದರೂ ಆ ಮಾತಿನ ಓಟಕ್ಕೆ ಅಡ್ಡಿಯಿರಲಿಲ್ಲ.

“ಮೊದ್ಲು ಕುರ್ಚೀಲಿ ಕೂತ್ಕೋ” ಎಂದೆ.

ಅಚ್ಚಿನ ಹಿಟ್ಟು ಕಲಸಿ ದವಡೆಯ ಆಕಾರದ ಬಟ್ಟಲಿಗೆ ತುಂಬಿದೆ. “ಬಾಯಿ ತೆರಿ. ಇನ್ನೂ. ಸಾವಿರ ಜನಕ್ಕೆ ತೆರೀತೀಯ, ನನಗೆ ತೆರೆಯೋಕೇನು? ಹಾಂ. ಮೂಗಲ್ಲಿ ಉಸಿರಾಡು. ಕಚ್ಬೇಡ. ಗಟ್ಟಿಯಾಗೋಕೆ ನಾಲ್ಕು ನಿಮಿಷ, ಮಾತಾಡಂಗಿಲ್ಲ.”

ಹೇಳಿದ ಮೇಲೆ ನನಗೇ ಹೊಳೆಯಿತು. ಹದಿಮೂರು ವರ್ಷದಲ್ಲಿ ಇವನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ. ನನಗೆ ನಾಲ್ಕು ನಿಮಿಷ ಸಿಕ್ಕಿದೆ. ಗೋಡೆ ಗಡಿಯಾರ ನೋಡಿದೆ. ಎರಡು ಬೆರಳಿನಿಂದ ಬಟ್ಟಲನ್ನು ಅಂಗುಳಕ್ಕೆ ಒತ್ತಿ ಹಿಡಿದೇ ಶುರು ಮಾಡಿದೆ.

“ರಿಜಿಸ್ಟ್ರಿ ಆಫೀಸಿನ ಟೈಪಿಸ್ಟ್ ನನ್ನ ಗಿರಾಕಿ ಕಣೋ. ಶುಕ್ರವಾರ ಬಂದು ಸೆಟ್ಟು ತಗೊಂಡೋಗ್ತೀನಿ ಅಂದಿದ್ಲು. ಮಗಳ ಕಾಲೇಜಲ್ಲಿ ಏನೋ ಸಮಾರಂಭ, ನಗೋಕೆ ಬೇಕು ಅಂದ್ಲು. ನೀನು ಗುರುವಾರ ಬಾಂಬ್ ಇಟ್ಟೆ. ಆ ಸೆಟ್ಟು ಅಲ್ಲೇ ಕಪಾಟಲ್ಲಿ ನೀರಲ್ಲಿದೆ. ವಾರವಾರ ನೀರು ಬದಲಾಯಿಸ್ತೀನಿ. ಯಾಕೆ ಅಂತ ನನಗೂ ಗೊತ್ತಿಲ್ಲ.”

ಅವನು ಏನೋ ಹೇಳಲು ಗಂಟಲಲ್ಲೇ ಗೊರಗೊರ ಎಂದ. ಬೆರಳು ಇನ್ನಷ್ಟು ಒತ್ತಿದೆ.

“ಸುಮ್ನಿರು. ಕಂಪನಿ, ಸರ್ಕಾರ, ಲಾಠಿ, ಎಲ್ಲಾ ನನಗೂ ಗೊತ್ತು. ನಿನ್ನ ವಸಡಿಂದ ಹಲ್ಲಿನ ಚೂರು ತೆಗೆದೋಳು ನಾನು. ಟೈಪಿಸ್ಟ್ ನಿನ್ಗೇನ್ ಮಾಡಿದ್ಲು, ಹೇಳು? ಹೇಳೋಕಾಗಲ್ಲ. ಬಾಯಿ ಖಾಲಿ ಇದ್ದಿದ್ರೂ ಹೇಳೋಕಾಗ್ತಿರ್ಲಿಲ್ಲ. ಅಪ್ಪ ಸತ್ತಾಗ ನಮ್ಮ ಬಾಗ್ಲಲ್ಲಿ ನಾಲ್ಕು ಜನ ಪೊಲೀಸ್ರು ಮಫ್ತಿಯಲ್ಲಿ ನಿಂತಿದ್ರು, ನೀನು ಬರ್ತೀಯ ಅಂತ. ನೀನು ಬರ್ಲಿಲ್ಲವಲ್ಲ ಅಂತ ನನಗೆ ಸಮಾಧಾನ ಆಯ್ತು. ಅಪ್ಪನ ಹೆಣದ ಮುಂದೆ ಕೂತು ಮಗ ಬರ್ದೇ ಇರ್ಲಿ ಅಂತ ಬೇಡ್ಕೊಂಡೋಳು ನಾನು. ಎಂಥಾ ಪಾಪಿ ಸಮಾಧಾನ ಅದು! ಇನ್ಸ್‌ಪೆಕ್ಟರ್ ಬಂದು ನಿನ್ನ ಬಾಯಿ ಅಚ್ಚು ಕೇಳಿದ್ರು ಕಣೋ, ಹೆಣ ಗುರುತು ಹಿಡಿಯೋಕೆ. ನನಗಿರೋದು ಒಬ್ಬನೇ ತಮ್ಮ. ಮೂವತ್ತನೇ ತಾರೀಖಿನೊಳಗೆ ಶರಣಾಗು. ಮಾಡಿದ್ದನ್ನ ಮಾಡಿದೆ ಅಂತ ಒಪ್ಕೋ. ಜೈಲಲ್ಲಿರು, ಮುದುಕನಾಗು, ತಿಂಗ್ಳಿಗೊಂದ್ಸಲ ಬಂದು ಬೈತೀನಿ, ಬೈಸ್ಕೋ. ಸಾಯ್ಬೇಡ.”

ನಾಲ್ಕು ನಿಮಿಷ ಮುಗಿದಿತ್ತು. ಅವನ ಕಣ್ಣಿನ ನೀರು ಕಿವಿಯವರೆಗೆ ಇಳಿದಿತ್ತು. ಅಚ್ಚು ಚೆನ್ನಾಗಿ ಬಂದಿತ್ತು, ಒಂದು ಗೆರೆಯೂ ತಪ್ಪಿರಲಿಲ್ಲ.

ಬಾಯಿ ಮುಕ್ಕಳಿಸಿ ಅವನು ಕಪಾಟಿನಲ್ಲಿ ನೀರಲ್ಲಿದ್ದ ಆ ಸೆಟ್ಟನ್ನು ನೋಡಿದ. ಆಮೇಲೆ ಕೇಳಿದ: “ಅವರ ಹೆಸರೆಲ್ಲ ಗೊತ್ತಾ ನಿನ್ಗೆ?”

“ನಿನ್ಗೆ ಗೊತ್ತಿಲ್ವಾ?”

“ಹನ್ನೊಂದು ಅಂತ ಗೊತ್ತು.”

ಪೇಪರಿನಲ್ಲಿ ಬಂದಿದ್ದ ಪಟ್ಟಿಯನ್ನು ಕತ್ತರಿಸಿ ಇಟ್ಟಿದ್ದೆ, ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡ. “ಹೋಗ್ತೀನಿ ಅಕ್ಕಾ, ಶರಣಾಗ್ತೀನಿ” ಎಂದ. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲೇ ಸೇರಿಸಿದ: “ಆದ್ರೆ ಈ ಬೊಚ್ಚುಬಾಯಲ್ಲಿ ಹೋಗಲ್ಲ. ನನ್ನ ನಂಬಿ ಬಂದ ಮಕ್ಕಳಿಗೆ ಇನ್ನು ಸಾಕು, ಮನೆಗೆ ಹೋಗಿ ಅಂತ ಹೇಳ್ಬೇಕು. ಈ ಮುಖ ನೋಡಿ ಯಾರು ಕೇಳ್ತಾರೆ? ಸೆಟ್ಟು ಕೊಡು, ಹಾಕ್ಕೊಂಡು ನಿನ್ನ ಜೊತೇಲೇ ಠಾಣೆಗೆ ನಡೀತೀನಿ.”

ಒಣಜಂಭ! ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಹಲ್ಲು ಕಟ್ಟುವವಳು ನಾನು, ಬಾಯಿ ಮುಚ್ಚಿಕೊಂಡು ನಗುವವರನ್ನು ದಿನಾ ನೋಡುವವಳು. “ಇಪ್ಪತ್ತೆಂಟಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಬಾ” ಎಂದೆ. ದವಡೆಗೆ ಬಟ್ಟೆ ಕಟ್ಟಿ ಕಳಿಸಿದೆ.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮೇಣದಲ್ಲಿ ಸಾಲು ಕೂರಿಸಿದೆ. ಬಣ್ಣಕ್ಕೆ ಒಂದು ಗಂಟೆ ತಲೆ ಕೆಡಿಸಿಕೊಂಡೆ, ತೀರಾ ಬಿಳಿ ಬೇಡ, ವಯಸ್ಸಿಗೆ ಒಪ್ಪಬೇಕು. ವಸಡಾಗುವ ಗುಲಾಬಿ ಹಿಟ್ಟನ್ನು ಹಿತ್ತಾಳೆ ಡಬ್ಬಿಗೆ ತುಂಬಿ, ಬಿಗಿದು, ನೀರಿಗಿಟ್ಟೆ. ಈ ನೀರು ಬಲು ನಿಧಾನ ಕಾಯಬೇಕು. ಸಣ್ಣ ಉರಿಯಲ್ಲಿ ಏಳೆಂಟು ಗಂಟೆ. ಅವಸರದಲ್ಲಿ ಕುದಿಸಿದರೆ ಪ್ಲೇಟಿನೊಳಗೆ ಗುಳ್ಳೆ ಏಳುತ್ತದೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಇಪ್ಪತ್ತೇಳರ ಸಂಜೆ ಕೈ ತಡೆಯದೆ ಉರಿ ದೊಡ್ಡದು ಮಾಡಿದೆ. ಮಾರನೇ ಬೆಳಿಗ್ಗೆ ಡಬ್ಬಿ ಬಿಚ್ಚಿ ಬೆಳಕಿಗೆ ಹಿಡಿದರೆ, ಅಂಗುಳದ ದಪ್ಪ ಭಾಗದಲ್ಲಿ ಸಾಸಿವೆಗಿಂತ ಸಣ್ಣ ಏಳೆಂಟು ಗುಳ್ಳೆ.

ಹಾಕಿಕೊಳ್ಳಲು ಬರುತ್ತಿತ್ತು. ಒಂದು ದಿನವಲ್ಲ, ಒಂದು ವರ್ಷ ಹಾಕಿಕೊಂಡರೂ ಏನೂ ಆಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಅವನ ಬಾಯಿಗಿಟ್ಟು ಠಾಣೆಗೆ ಕರೆದುಕೊಂಡು ಹೋಗುತ್ತಿದ್ದರು. ನನಗೆ ಮನಸ್ಸು ಬರಲಿಲ್ಲ. ಗುಳ್ಳೆ ಬಿದ್ದ ಪ್ಲೇಟು ಅಪ್ಪನ ಕಾಲದಿಂದ ನಮ್ಮ ಅಂಗಡಿಯ ಹೊಸ್ತಿಲು ದಾಟಿಲ್ಲ. ಸ್ವಂತ ತಮ್ಮ, ಇಡೀ ದೇಶ ನೋಡುವ ಬಾಯಿ, ಅದಕ್ಕೆ ಇದನ್ನು ಕೊಡಲೇ? ಇನ್ನೂ ಎರಡು ದಿನ ಇದೆಯಲ್ಲ. ಒಣಜಂಭ ಎಂದು ಅವನನ್ನು ಬೈದವಳು ನಾನು! ಅವನು ಹೊರಡುವ ಮೊದಲೇ ಇಸ್ತ್ರಿ ಹೆಂಗಸನ್ನು ಕರೆದು ಹೇಳಿದೆ: “ನಾಳೆ ಬರೋಕೆ ಹೇಳು.” ಹೊಸದಾಗಿ ಕೂತು, ಸಣ್ಣ ಉರಿಯಲ್ಲಿ, ಒಲೆಯ ಪಕ್ಕದಿಂದ ಏಳದೆ ಇನ್ನೊಂದು ಮಾಡಿದೆ. ಕನ್ನಡಿಯಂಥ ಪ್ಲೇಟು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಹತ್ತೂವರೆಗೆ ಬಸ್ ನಿಲ್ದಾಣದಲ್ಲಿ ಅವನನ್ನು ಹಿಡಿದರು. ಯಾರೋ ದವಡೆಯ ಬಟ್ಟೆ ತೆಗೆಸಿದರಂತೆ. ಚೀಲದಲ್ಲಿ ಪಿಸ್ತೂಲಿತ್ತು, ಒಪ್ಪಿಸಲೆಂದು ತಂದದ್ದು. “ಶರಣಾಗೋಕೆ ಹೊರಟಿದ್ದೆ” ಎಂದನಂತೆ. ಸಿಕ್ಕಿಬಿದ್ದವರು ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅವರು ‘ಹಿಡಿಯಲಾಯಿತು’ ಎಂದೇ ಬರೆದುಕೊಂಡರು. ಆ ಒಂದು ಮಾತಿಗೆ ಗಲ್ಲಿನ ಹಗ್ಗ ನೇತಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ಅವನ ಮುಖವೇ ಮುಖ. ಒಳಗೆ ಹೋದ ಬಾಯಿ, ಬೆದರಿದ ಕಣ್ಣು. ಎದುರಿನ ಟೀ ಅಂಗಡಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು. “ಇವನಾ ದಳಪತಿ? ಈ ಬೊಚ್ಚುಬಾಯಿ ತಾತನಾ?” ಹೋಗಿ ಟೀವಿ ಆರಿಸಿ ಬಂದೆ. ಬೆಟ್ಟದ ಪಡೆ ಹತ್ತು ದಿನದಲ್ಲಿ ಚೆಲ್ಲಾಪಿಲ್ಲಿಯಾಯಿತು. ಕೆಲವರು ಶರಣಾದರು, ಕೆಲವರು ನಾಪತ್ತೆಯಾದರು, ಇಬ್ಬರು ಅವನನ್ನು ದ್ರೋಹಿ ಎಂದು ಪತ್ರ ಬರೆದರು. ಹದಿಮೂರು ವರ್ಷ ಕಟ್ಟಿದ್ದು ಅಷ್ಟರಲ್ಲಿ ಮುಗಿಯಿತು. ನನಗೆ ಅದರ ಬಗ್ಗೆ ಒಂದು ಚೂರೂ ದುಃಖವಿಲ್ಲ. ನನ್ನ ಜೀವ ಹಿಂಡುತ್ತಿದ್ದದ್ದು ಆ ಒಂದು ದಿನ.

ನಮ್ಮ ವಕೀಲೆ ಚಿಕ್ಕ ವಯಸ್ಸಿನವಳು, ಚುರುಕು. “ಅವರು ಶರಣಾಗೋಕೇ ಬರ್ತಿದ್ರು ಅಂತ ಜಡ್ಜು ನಂಬಿದ್ರೆ ಮಾತ್ರ ಗಲ್ಲು ತಪ್ಪುತ್ತೆ. ನಂಬಿಸೋಕೆ ನೀವೇ ಸಾಕ್ಷಿ” ಎಂದಳು. ಕಟಕಟೆಯಲ್ಲಿ ನಿಂತು ಎಲ್ಲ ಹೇಳಿದೆ. ಎರಡು ಪ್ಲೇಟನ್ನೂ ಮೇಜಿನ ಮೇಲಿಟ್ಟೆ. ಸರ್ಕಾರಿ ವಕೀಲರು ಮೊದಲನೆಯದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಇದು ಇಪ್ಪತ್ತೆಂಟಕ್ಕೇ ತಯಾರಿತ್ತು. ತಮ್ಮನ ಪ್ರಾಣ ಉಳಿಸೋ ಇಷ್ಟ ಇದ್ದಿದ್ರೆ ಅವತ್ತೇ ಯಾಕೆ ಕೊಡ್ಲಿಲ್ಲ?”

“ಅದ್ರಲ್ಲಿ ಗುಳ್ಳೆ ಇತ್ತು ಸಾರ್.”

ಕೋರ್ಟಿನವರೆಲ್ಲ ಘೊಳ್ಳೆಂದು ನಕ್ಕರು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ತಮ್ಮನ ಕತ್ತಿಗೆ ನಾನೇ ಹಗ್ಗ ಹೊಸೆದು ಕೊಟ್ಟೆ ಎಂದು ಊರಿನ ಮುಂದೆ ಹೇಳಿದ ಹಾಗಾಯಿತು. ಜಡ್ಜು ಮಾತ್ರ ನಗಲಿಲ್ಲ. ಪ್ಲೇಟನ್ನು ತರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಬೊಚ್ಚ ತನ್ನ ಹೇಳಿಕೆ ಕೊಡುವ ಮುನ್ನಾದಿನ ಜೈಲಿಗೆ ಹೋದೆ. ಒಳ್ಳೆಯ ಪ್ಲೇಟನ್ನು ಕೋರ್ಟಿನಿಂದ ಬಿಡಿಸಿಕೊಂಡು, ತೊಳೆದು ಒಯ್ದಿದ್ದೆ. ಹತ್ತು ನಿಮಿಷ ಆ ಕಂಠದಲ್ಲಿ ಮಾತಾಡಿದರೆ ಕಲ್ಲೂ ಕರಗುತ್ತದೆ ಎಂದು ವಕೀಲೆ ಹೇಳಿದ್ದಳು. ಮೇಜಿನ ಆಚೆ ಕೂತಿದ್ದವನ ಮುಂದಿಟ್ಟು, “ಗುಳ್ಳೆ ವಿಷಯ ನಿನ್ಗೆ ಗೊತ್ತಾಯ್ತಲ್ಲ. ಬೈದ್ಬಿಡು ನನ್ನ” ಎಂದೆ.

“ನೀನು ಗುಳ್ಳೆ ಬಿದ್ದಿದ್ದು ಕೊಟ್ಟಿದ್ರೆ ನಾನೇ ವಾಪಸ್ ಕೊಡ್ತಿದ್ದೆ ಬಿಡು” ಎಂದು ನಕ್ಕ. ಪ್ಲೇಟು ಬಾಯಿಗಿಟ್ಟ. ಟಕ್ಕೆಂದು ಕೂತಿತು. ಕೆನ್ನೆ ತುಂಬಿತು, ತುಟಿ ಎದ್ದಿತು, ನನ್ನ ತಮ್ಮ ವಾಪಸ್ ಬಂದ. “ಸ್ವಾಮಿ, ನಾನು ಹೇಳುವುದನ್ನು ದಯವಿಟ್ಟು ಕೇಳಿ” ಎಂದ, ಅಷ್ಟೇ. ಗೋಡೆಗೊರಗಿ ಆಕಳಿಸುತ್ತಿದ್ದ ವಾರ್ಡರ್ ಸೆಟೆದು ನಿಂತ. ಬೊಚ್ಚ ಅವನತ್ತ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಪ್ಲೇಟನ್ನು ಹೊರತೆಗೆದು, ಅಂಗಿಯ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟ.

“ಬೇಡ ಅಕ್ಕಾ. ಇದು ಹಾಕ್ಕೊಂಡು ಏನು ಹೇಳಿದ್ರೂ ಜನ ನಂಬ್ತಾರೆ. ಇಷ್ಟು ವರ್ಷ ಅದೇ ಆಗಿದ್ದು. ನಾಳೆ ಹಾಗೆ ಬೇಡ.”

“ಗಲ್ಲಿಗೆ ಹಾಕ್ತಾರೆ ಕಣೋ ಹುಚ್ಚಪ್ಪ!”

“ಹಾಕ್ಲಿ. ನೀನು ಹೇಳ್ಕೊಟ್ಟ ಹಾಗೆ, ನಿಲ್ಸಿ ನಿಲ್ಸಿ ಹೇಳ್ತೀನಿ.”

ಬೈದೆ, ಅತ್ತೆ, ಕೈ ಮುಗಿದೆ. ಸಮಯ ಮುಗಿಯಿತು ಎಂದು ಎಬ್ಬಿಸಿದರು.

ಮಾರನೇ ದಿನ ಕೋರ್ಟು ತುಂಬಿತ್ತು. ಸತ್ತವರ ಮನೆಯವರು ಎಡಗಡೆ ಮೂರು ಸಾಲಿನಲ್ಲಿ ಕೂತಿದ್ದರು. ಬೊಚ್ಚ ಭಾಷಣ ಮಾಡಲಿಲ್ಲ. ನಾನು ಕೊಟ್ಟಿದ್ದ ಪೇಪರಿನ ತುಂಡು ಬಿಚ್ಚಿ, “ಇವರನ್ನು ನಾನು ಕೊಲ್ಲಿಸಿದೆ” ಎಂದು ಒಂದೊಂದೇ ಹೆಸರು ಓದಿದ. ಬೊಚ್ಚುಬಾಯಲ್ಲಿ ಅಕ್ಷರಗಳು ಜಾರುತ್ತಿದ್ದವು. ಬರೆದುಕೊಳ್ಳುವವನು ನಡುನಡುವೆ ತಲೆಯೆತ್ತಿ “ಏನಂದ್ರಿ?” ಎನ್ನುತ್ತಿದ್ದ, ಇವನು ಮತ್ತೆ ಹೇಳುತ್ತಿದ್ದ. ಯಾರೂ ನಗಲಿಲ್ಲ. ಏಳನೆಯ ಹೆಸರು ಅವನ ಬಾಯಿಗೆ ಹೊರಳಲೇ ಇಲ್ಲ. ಎರಡು ಸಲ, ಮೂರು ಸಲ ಹೇಳಿದ, ಬೆವರಿದ. ಆಗ ಎಡಗಡೆಯ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಆ ಹೆಸರನ್ನು ತಾನೇ ಸ್ಪಷ್ಟವಾಗಿ ಹೇಳಿದಳು. “ನನ್ನ ಮಗ. ಬರ್ಕೊಳ್ಳಪ್ಪ” ಎಂದು ಕೂತಳು. ಬೊಚ್ಚ ಅವಳ ಕಡೆ ತಿರುಗಿ ಕೈ ಮುಗಿದ. ಅವಳು ಮುಖ ತಿರುಗಿಸಿಕೊಂಡಳು. ಅವನು ಎಂಟನೆಯ ಹೆಸರಿಗೆ ಹೋದ.

ತೀರ್ಪು ಆ ವಾರದ ಕೊನೆಗೆ ಬಂತು. ಒಂದು ಗುಳ್ಳೆಗೋಸ್ಕರ ತಮ್ಮನ ಶರಣಾಗತಿಯನ್ನು ಒಂದು ದಿನ ಮುಂದೂಡಿದೆ ಎಂದು ಯಾರೂ ಸುಳ್ಳು ಕಟ್ಟಲಾರರು, ಇಂಥ ಅವಿವೇಕ ನಿಜವೇ ಆಗಿರಬೇಕು ಎಂದು ಜಡ್ಜು ಬರೆದಿದ್ದರು. ಅವನು ಶರಣಾಗಲೆಂದೇ ಬರುತ್ತಿದ್ದ. ಗಲ್ಲಿಲ್ಲ. ಸಾಯುವವರೆಗೆ ಜೈಲು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ. ಸಂತೋಷವೋ ಸಂಕಟವೋ ಹೇಳಲು ಬರದಂಥ ಅಳು. ಪಕ್ಕದಲ್ಲಿ ಯಾರೋ ನಿಂತಂತಾಯಿತು. ಅದೇ ಮುದುಕಿ.

“ಹಲ್ಲು ಕಟ್ಟೋಳು ನೀನೇ ತಾನೆ?”

ಎದ್ದು ನಿಂತೆ. ಹೌದೆಂದು ಕೈ ಮುಗಿದೆ.

“ಅವನ ಸೆಟ್ಟು ಅವನಿಗೆ ಕೊಡು” ಎಂದಳು. “ಚೆನ್ನಾಗಿ ಊಟ ಮಾಡ್ಲಿ, ನೂರು ವರ್ಷ ಬದುಕ್ಲಿ. ಅವನೂ ಸತ್ರೆ, ನನ್ನ ಮಗನ್ನ ದಿನಾ ನೆನೆಸ್ಕೊಳ್ಳೋಕೆ ನಾನೊಬ್ಳೇ ಆಗ್ಬಿಡ್ತೀನಿ.”

ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಬೀದಿ ದಾಟಿಸಲು ನಾನು ಕೈ ಕೊಟ್ಟೆ, ಅವಳು ಹಿಡಿದುಕೊಳ್ಳಲಿಲ್ಲ.